ದಾನವೋ ದಾಕ್ಷಿಣ್ಯವೋ

ಡಿಸೆಂಬರ್ ತಿಂಗಳ 7ನೆಯ ತಾರೀಖು ಬಂದಿತೆಂದರೆ ಸರ್ಕಾರಿ ಕಚೇರಿಗಳಲ್ಲಿ ಕಾಗದದ ಪುಟ್ಟ ಬಾವುಟಗಳೂ ಅವುಗಳ ಜೊತೆಗೆ ಒಂದು ಡಬ್ಬಿಯೂ ಮೇಜಿನಿಂದ ಮೇಜಿಗೆ ಸಾಗಿ ಬರುವುದುಂಟು. ಸೈನಿಕರ, ಮಾಜಿ ಸೈನಿಕರ ಮತ್ತು ಅವರ ಕುಟುಂಬಗಳ ಕ್ಷೇಮಕ್ಕಾಗಿ 1949ರಿಂದ ನಡೆದುಬಂದಿರುವ ಧ್ವಜ ದಿನಾಚರಣೆ ಇದು. ಉದ್ದೇಶದ ಬಗೆಗೆ ಯಾರದೂ ತಕರಾರಿಲ್ಲ. ಆದರೆ ಡಬ್ಬಿ ಹಿಡಿದು ಬಂದವನು ಜವಾನನಾಗಿದ್ದರೆ ಒಂದು ಬಗೆ, ಮೇಲಧಿಕಾರಿಯಾಗಿದ್ದರೆ ಇನ್ನೊಂದು ಬಗೆ. ಜವಾನನಿಗೆ ‘ನಾಳೆ ನೋಡೋಣ’ ಎಂದು ಹೇಳಿ ಕಡತದೊಳಕ್ಕೆ ತಲೆ ತಗ್ಗಿಸಬಹುದು. ನಮ್ಮ ಕೆಲಸದ ಬಗೆಗೆ ವರ್ಷಕ್ಕೊಮ್ಮೆ ವರದಿ ಬರೆಯತಕ್ಕವರೇ ಎದುರಿಗೆ ನಿಂತರೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಆಗ ಡಬ್ಬಿಗೆ ಬಿದ್ದದ್ದು ದಾನವೋ, ದಾಕ್ಷಿಣ್ಯವೋ? ದಾಕ್ಷಿಣ್ಯದ ಬಗೆಗೆ ನಮ್ಮಲ್ಲಿ ಒಂದು ಗಾದೆಯಿದೆ. ಅದು ಬಾನುಲಿಯಲ್ಲಿ ಹೇಳುವಂಥದಲ್ಲ. ಹೇಳದಿದ್ದರೂ ನಿಮಗೆ ಈಗಾಗಲೇ ನೆನಪಾಗಿರುತ್ತದೆ.

ಹಾಗೆ ನೋಡಿದರೆ, ವಂತಿಗೆ ಎತ್ತುವುದಕ್ಕೆ ಸರ್ಕಾರಿ ಕಚೇರಿಯಷ್ಟು ಅನುಕೂಲವಾದ ಸ್ಥಳ ಮತ್ತೊಂದಿಲ್ಲ. ಒಂದೇ ಸೂರಿನ ಕೆಳಗೆ ನೂರಾರು ಮಂದಿ, ತಿಂಗಳಿಗೊಮ್ಮೆ ಬರುವ ಸಂಬಳ, ಅದರಲ್ಲಿ ಇಂತಿಷ್ಟನ್ನು ಕಡಿದು ಲೆಕ್ಕ ಇಡಬಲ್ಲ ಗುಮಾಸ್ತರು. ಬೀದಿಬೀದಿ ಅಲೆದು ರಸೀತಿ ಹರಿಯುವ ಅನಾಥಾಲಯದ ಕಾರ್ಯದರ್ಶಿಗೆ ಇದೊಂದು ಕಲ್ಪವೃಕ್ಷವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಅನುಕೂಲದ ಮಗ್ಗುಲಲ್ಲಿಯೇ ಆಪತ್ತೂ ಇದೆ. ಕಚೇರಿಯಲ್ಲಿ ಬೇಡುವವನೂ ನೀಡುವವನೂ ಸಮಾನರಲ್ಲ. ಈ ತೊಡಕಿನೊಡನೆ ಬಹುಕಾಲ ಹೆಣಗಿ, ಅದಕ್ಕೊಂದು ಲಿಖಿತ ಕಟ್ಟಳೆಯನ್ನು ಮಾಡಿಕೊಂಡ ದೇಶ ಅಮೆರಿಕ. ಆ ಕತೆ ನಾವೂ ತಿಳಿಯತಕ್ಕದ್ದು.

ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಗಳಿಗೆ ವರ್ಷವಿಡೀ ಒಂದಲ್ಲ ಒಂದು ಧರ್ಮಸಂಸ್ಥೆಯವರು ಬರುತ್ತಲೇ ಇದ್ದರು. ಇಂತಿಂಥ ಕಚೇರಿಯಿಂದ ಇಷ್ಟು ಬರಬೇಕೆಂದು ಪಾಲು ಗೊತ್ತುಮಾಡುವ ವಾಡಿಕೆಯೂ ಇದ್ದಿತು. ಇಷ್ಟಾಗಿಯೂ ಕೂಡಿದ್ದು ಸ್ವಲ್ಪವೇ. ಬೇಸತ್ತ ನೌಕರರು ಜೇಬಿನಲ್ಲಿದ್ದ ಚಿಲ್ಲರೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಇದನ್ನು ಒಂದು ಹದಕ್ಕೆ ತರಲು ಮೊದಲಿಟ್ಟರು. 1961ರ ಮಾರ್ಚಿಯಲ್ಲಿ ಕೆನಡಿಯವರು ಆಜ್ಞೆ ಹೊರಡಿಸಿ ಉಸ್ತುವಾರಿಯನ್ನು ಸಿವಿಲ್ ಸರ್ವಿಸ್ ಕಮಿಷನ್ನಿಗೆ ವಹಿಸಿದರು. 1964ರಲ್ಲಿ ಆರು ನಗರಗಳಲ್ಲಿ ಎಲ್ಲ ಬೇಡಿಕೆಗಳನ್ನೂ ಒಂದುಗೂಡಿಸಿ ವರ್ಷಕ್ಕೆ ಒಂದೇ ಸಲ ಕೇಳುವ ಪ್ರಯೋಗ ನಡೆಯಿತು. ಹೀಗೆ ಕೇಳುವುದನ್ನು ಕಡಿಮೆ ಮಾಡಿದ ಕೂಡಲೆ ಕೊಡುವುದು ಹೆಚ್ಚಿತು; ಕೆಲವೆಡೆ ಶೇಕಡಾ 20ರಷ್ಟು, ಕೆಲವೆಡೆ ದುಪ್ಪಟ್ಟಿಗೂ ಮೀರಿ. 1971ರಲ್ಲಿ ನಿಕ್ಸನ್ನರ ಕಾಲಕ್ಕೆ ಇದೇ ಎಲ್ಲ ಕಚೇರಿಗಳ ಏಕರೂಪದ ಪದ್ಧತಿಯಾಯಿತು. ಕಂಬೈನ್ಡ್ ಫೆಡರಲ್ ಕ್ಯಾಂಪೇನ್ ಎಂದು ಅದರ ಹೆಸರು. ಸಂಯುಕ್ತ ವಂತಿಗೆ ಅಭಿಯಾನ ಎಂದು ನಾವು ಕರೆಯಬಹುದು.

ಅದರ ಕೆಲಸ ಸರಳವಾದದ್ದು. ಶರತ್ಕಾಲದಲ್ಲಿ ಪ್ರತಿಯೊಂದು ವಿಭಾಗದಲ್ಲಿಯೂ ಒಬ್ಬ ನೌಕರ ಸ್ವಯಂಸೇವಕನಾಗುತ್ತಾನೆ. ಅರ್ಹ ಸಂಸ್ಥೆಗಳ ಪಟ್ಟಿಯನ್ನೂ ವಾಗ್ದಾನ ಪತ್ರವನ್ನೂ ಸಹೋದ್ಯೋಗಿಗಳಿಗೆ ತಲುಪಿಸುತ್ತಾನೆ. ಕೊಡುವವರು ತಮಗೆ ಬೇಕಾದ ಸಂಸ್ಥೆಯನ್ನು ಆರಿಸಿ, ಮುಂದಿನ ಜನವರಿಯಿಂದ ಪ್ರತಿ ಸಂಬಳದಲ್ಲಿ ಇಷ್ಟು ಕಡಿಯಿರಿ ಎಂದು ಬರೆದುಕೊಡುತ್ತಾರೆ. ಈ ಕಂತಿನಲ್ಲಿಯೇ ಪದ್ಧತಿಯ ಜೀವವಿರುವುದು. ಒಮ್ಮೆಗೇ 500 ಡಾಲರು ಎತ್ತಿಕೊಡಲಾರದವನು ಸ್ವಲ್ಪ ಸ್ವಲ್ಪವಾಗಿ ವರ್ಷದಲ್ಲಿ ಅಷ್ಟನ್ನೂ ಕೊಟ್ಟಾನು. ಪಡೆಯುವ ಸಂಸ್ಥೆಗೂ ತಿಂಗಳು ತಿಂಗಳು ಇಷ್ಟು ಬರುತ್ತದೆಂಬ ಭರವಸೆಯಿದ್ದರೆ ಅಡುಗೆಯವಳನ್ನೋ ದಾದಿಯನ್ನೋ ಕೆಲಸಕ್ಕೆ ಇಟ್ಟುಕೊಳ್ಳುವ ಧೈರ್ಯ ಬರುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಅಲ್ಲಿನ ನಿಷೇಧಗಳ ಪಟ್ಟಿ. ಮೇಲಧಿಕಾರಿ ತನ್ನ ಕೈಕೆಳಗಿನವರನ್ನು ತಾನೇ ಬೇಡಕೂಡದು. ಕೊಟ್ಟೆಯಾ, ಎಷ್ಟು ಕೊಟ್ಟೆ ಎಂದು ವಿಚಾರಿಸಕೂಡದು. ಒಬ್ಬೊಬ್ಬರಿಗೆ ಇಷ್ಟೆಂದು ಮೊತ್ತ ನಿಗದಿಮಾಡಕೂಡದು. ಕೊಡದವರ ಪಟ್ಟಿಯನ್ನು ತಯಾರಿಸಲೇಕೂಡದು. ಕೊಟ್ಟವರ ಪಟ್ಟಿಯನ್ನು ವಂತಿಗೆ ಕೂಡಿಸಿ ತಲುಪಿಸುವ ಕೆಲಸಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸಕೂಡದು. ವಂತಿಗೆ ಚೆನ್ನಾಗಿ ಕೂಡಿತೆಂದು ಮೇಲಧಿಕಾರಿಯ ಕೆಲಸದ ಮೌಲ್ಯಮಾಪನದಲ್ಲಿ ಅದನ್ನು ಗಣಿಸಕೂಡದು. ನಮ್ಮ ಕಚೇರಿಯಲ್ಲಿ ನೂರಕ್ಕೆ ನೂರು ಮಂದಿ ಕೊಡಬೇಕು ಎಂಬ ಗುರಿಯನ್ನೂ ಇಟ್ಟುಕೊಳ್ಳಕೂಡದು.

ಈ ಕೊನೆಯದು ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಎಲ್ಲರೂ ಕೊಡಲಿ ಎಂದು ಆಶಿಸುವುದರಲ್ಲಿ ತಪ್ಪೇನು? ನೂರು ಮಂದಿಯ ಕಚೇರಿಯನ್ನು ಕಲ್ಪಿಸಿಕೊಳ್ಳಿ. ತೊಂಬತ್ತೊಂಬತ್ತು ಮಂದಿ ಕೊಟ್ಟಾಯಿತು. ಆ ಕ್ಷಣದಿಂದ ಉಳಿದೊಬ್ಬನಿಗೆ ನೆಮ್ಮದಿಯಿಲ್ಲ. ಅವನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇರಬಹುದು. ತನ್ನೂರಿನ ಶಾಲೆಗೆ ಅವನು ಯಾರಿಗೂ ಹೇಳದೆ ಹಣ ಕಳುಹಿಸುತ್ತಿರಬಹುದು. ಅಥವಾ ಕೊಡಲು ಸುಮ್ಮನೆ ಮನಸ್ಸಿಲ್ಲದಿರಬಹುದು, ಅದೂ ಅವನ ಹಕ್ಕೇ. ಇವುಗಳಲ್ಲಿ ಯಾವುದನ್ನೂ ಹತ್ತು ಜನರ ಮುಂದೆ ಹೇಳಬೇಕಾದ ಸ್ಥಿತಿ ಅವನಿಗೆ ಬರಬಾರದು. ಹಾಗೆಂದು ಇಲಾಖೆಯ ಮುಖ್ಯಸ್ಥರು ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. ಎಲ್ಲರನ್ನೂ ಉದ್ದೇಶಿಸಿ ಅಭಿಯಾನ ಒಳ್ಳೆಯದೆಂದು ಹೇಳಬಹುದು. ಒಬ್ಬೊಬ್ಬರ ಮೇಜಿನ ಮುಂದೆ ನಿಂತು ಹೇಳುವಂತಿಲ್ಲ, ಅಷ್ಟೆ.

ಯಾವ ಸಂಸ್ಥೆಗಳಿಗೆ ಪಟ್ಟಿಯಲ್ಲಿ ಸ್ಥಾನವೆಂಬ ವ್ಯಾಜ್ಯ ಅಲ್ಲಿಯೂ ತಪ್ಪಲಿಲ್ಲ. ಹಕ್ಕುಗಳಿಗಾಗಿ ವಾದಿಸುವ ಸಂಸ್ಥೆಗಳನ್ನು ರೇಗನ್ನರು 1983ರಲ್ಲಿ ಹೊರಗಿಟ್ಟಾಗ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಚೇರಿ ಇರುವುದು ಕೆಲಸಕ್ಕಾಗಿ, ಅಲ್ಲಿ ಯಾರು ಬೇಡಬಹುದೆಂದು ಸರ್ಕಾರ ನ್ಯಾಯವಾದ ಮಿತಿ ಹಾಕಬಹುದು ಎಂದು 1985ರಲ್ಲಿ ನ್ಯಾಯಾಲಯ ಹೇಳಿತು. ಮುಂದೆ ಶಾಸನಸಭೆಯೇ ಬಾಗಿಲನ್ನು ಮತ್ತೆ ಅಗಲ ಮಾಡಿತು.

2009ರಲ್ಲಿ ಈ ಅಭಿಯಾನದಲ್ಲಿ ಸುಮಾರು 28 ಕೋಟಿ ಡಾಲರು ಕೂಡಿತ್ತು. 2017ರ ವೇಳೆಗೆ ಅದು ಅರ್ಧಕ್ಕಿಂತಲೂ ಕೆಳಗಿಳಿಯಿತು. ಸಂಬಳದ ಏರಿಕೆ ನಿಂತ ವರ್ಷಗಳು, 2013ರ ಅಕ್ಟೋಬರಿನಲ್ಲಿ ಅಭಿಯಾನದ ಹೊತ್ತಿಗೇ ಸರ್ಕಾರಿ ಕಚೇರಿಗಳು ಮುಚ್ಚಿದ್ದು, ನೌಕರರು ತಾವೇ ನೇರವಾಗಿ ಹಣ ಕಳುಹಿಸಲು ಗಣಕಯಂತ್ರ ಒದಗಿದ್ದು, ಇವೆಲ್ಲ ಕಾರಣಗಳೇ. ಖರ್ಚು ಉಳಿಸಲೆಂದು ಸ್ಥಳೀಯ ವ್ಯವಸ್ಥೆಯನ್ನು ಕಿರಿದುಗೊಳಿಸಿ ಎಲ್ಲವನ್ನೂ ಗಣಕಕ್ಕೆ ಒಪ್ಪಿಸಹೊರಟದ್ದೂ ಸೇರಿಕೊಂಡಿತು. ಮೇಲಧಿಕಾರಿಯ ಒತ್ತಾಯ ಬೇಡ, ಸರಿ. ಪಕ್ಕದ ಮೇಜಿನ ಗೆಳೆಯನ ಮಾತೂ ಇಲ್ಲವಾದರೆ ಕೊಡುವ ಮನಸ್ಸಿದ್ದವರಿಗೂ ಮರೆತುಹೋಗುತ್ತದೆ.

ಇನ್ನು ನಮ್ಮ ನೆರೆಯ ಕೇರಳಕ್ಕೆ ಬರೋಣ. 2018ರ ಆಗಸ್ಟಿನ ಮಹಾಪೂರದಲ್ಲಿ ಅಲ್ಲಿ ನಾನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ನೌಕರರು ಒಂದು ತಿಂಗಳ ಸಂಬಳವನ್ನು, ಬೇಕಾದರೆ ಹತ್ತು ಕಂತುಗಳಲ್ಲಿ, ಕೊಡಬೇಕೆಂದು ಸರ್ಕಾರ ಕೋರಿತು. ಕೋರಿಕೆಯೇನೋ ಉದಾತ್ತವಾದದ್ದೇ. ಆದರೆ ಆಜ್ಞೆಯಲ್ಲಿ ಒಂದು ಮಾತಿತ್ತು: ಕೊಡಲೊಪ್ಪದವರು ಹಾಗೆಂದು ಬರೆದುಕೊಡಬೇಕು. ಕೊಡುವವನು ಏನನ್ನೂ ಬರೆಯಬೇಕಾಗಿರಲಿಲ್ಲ. ಬರೆಯುವ ಹೊರೆ ಕೊಡದವನ ಮೇಲೆ ಬಿದ್ದಿತು. ಅಮೆರಿಕದ ನಿಯಮ ತಯಾರಿಸಲೇಕೂಡದೆಂದ ಪಟ್ಟಿ ಇಲ್ಲಿ ನೌಕರರ ಕೈಬರಹದಲ್ಲಿಯೇ ತಯಾರಾಗುವಂತಿತ್ತು. ಹೈಕೋರ್ಟು ಅಕ್ಟೋಬರಿನಲ್ಲಿ ಆ ಷರತ್ತನ್ನು ತಡೆಯಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಆ ತಡೆಯನ್ನು ಎತ್ತಿಹಾಕಲು ಒಪ್ಪಲಿಲ್ಲ. ತನಗೆ ಕೊಡಲು ಇಷ್ಟವಿಲ್ಲವೆಂದು ಸಾರಿಕೊಂಡು ಒಬ್ಬ ನೌಕರ ಏಕೆ ತಲೆತಗ್ಗಿಸಬೇಕು ಎಂಬುದು ನ್ಯಾಯಮೂರ್ತಿಗಳ ಪ್ರಶ್ನೆಯ ಸಾರವಾಗಿತ್ತು. 2024ರಲ್ಲಿ ವಯನಾಡಿನ ಭೂಕುಸಿತದ ನಂತರ ಅದೇ ಸರ್ಕಾರ ಐದು ದಿನಗಳ ಸಂಬಳವನ್ನು ಕೋರಿದಾಗ ಸಮ್ಮತಿಪತ್ರವನ್ನು ಕೊಡುವವರಿಂದ ಕೇಳಿತು.

ನಮ್ಮ ರಾಜ್ಯದಲ್ಲಿಯೂ, 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಸರ್ಕಾರಿ ನೌಕರರು ಒಂದು ದಿನದ ಸಂಬಳ ಕೊಟ್ಟರು. ದಿನದ ಲೆಕ್ಕದಲ್ಲಿ ಕೊಡುವ ಈ ರೂಢಿಯಲ್ಲಿ ಒಂದು ಸೊಗಸಿದೆ. ಕಾರ್ಯದರ್ಶಿಯದೂ ಒಂದು ದಿನ, ಜವಾನನದೂ ಒಂದು ದಿನ. ರೂಪಾಯಿ ಬೇರೆಯಾದರೂ ಬೆವರಿನ ಅಳತೆ ಒಂದೇ. ಆದರೆ ನೌಕರರ ಸಂಘವೊಂದು ಎಲ್ಲರ ಪರವಾಗಿ ಒಪ್ಪಿಬಿಟ್ಟರೆ ಒಬ್ಬೊಬ್ಬರ ಒಪ್ಪಿಗೆಯೂ ದೊರೆತಂತಾಯಿತೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಒಪ್ಪಿಗೆಯ ಚೀಟಿ ಎಲ್ಲರ ಕೈಗೂ ಹೋಗಲಿ. ಕೊಡುವವರೂ ಕೊಡದವರೂ ಅದನ್ನು ಒಂದೇ ಬಗೆಯ ಲಕೋಟೆಯಲ್ಲಿಟ್ಟು ಅಂಟಿಸಿ ಹಿಂದಿರುಗಿಸಲಿ. ಯಾರ ಲಕೋಟೆಯಲ್ಲಿ ಏನಿತ್ತೆಂಬುದು ಬಟವಾಡೆಯ ಗುಮಾಸ್ತನೊಬ್ಬನಿಗೆ ತಿಳಿಯದೆ ವಿಧಿಯಿಲ್ಲ. ಆದ್ದರಿಂದ ಅಭಿಯಾನಕ್ಕೆ ಹೊರಡುವವರು ಭಾಷಣಕಾರರನ್ನು ಹುಡುಕುವ ಮೊದಲು ಆ ಕುರ್ಚಿಯಲ್ಲಿ ಮಿತಭಾಷಿಯೊಬ್ಬರು ಕುಳಿತಿದ್ದಾರೆಯೇ ಎಂದು ನೋಡಿಕೊಳ್ಳುವುದು ಲೇಸು.