ಅಪ್ಪನ ಕಬ್ಬಿನ ವಿರುದ್ಧ ಮಗಳ ವಾದ

ಕಳೆದ ವರ್ಷ ದೀಪಾವಳಿ ಮುಗಿಸಿಕೊಂಡು ಊರಿಂದ ಪುಣೆಗೆ ವಾಪಸಾದ ವಾರವೇ ಅಕ್ಕನ ಮಗಳು ನಮ್ಮ ಮನೆಗೆ ಬಂದಳು. ಇಲ್ಲಿನ ಕಾನೂನು ಕಾಲೇಜೊಂದರಲ್ಲಿ ಮೂರನೇ ವರ್ಷದಲ್ಲಿದ್ದಾಳೆ. ಹಾಸ್ಟೆಲ್ ಊಟ ಬೇಸರವಾದಾಗ ಜೋಳದ ರೊಟ್ಟಿ ತಿನ್ನಲು ಬರುವುದು ರೂಢಿ. ಆವತ್ತು ಮಾತ್ರ ರೊಟ್ಟಿ ಮುರಿದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಏನಾಯಿತೆಂದು ಕೇಳಿದರೆ, "ಮಾಮಾ, ನಾ ಅಪ್ಪನ ಕಬ್ಬಿನ ವಿರುದ್ಧ ವಾದ ಮಾಡಬೇಕಾಗೇತಿ. ಅಪ್ಪಗ ಹೆಂಗ ಹೇಳಲಿ?" ಅಂದಳು.

ನಮ್ಮದು ಮುಧೋಳ ತಾಲ್ಲೂಕು, ಘಟಪ್ರಭಾ ದಂಡೆ. ಭಾವನಿಗೆ ಆರು ಎಕರೆ ಕಬ್ಬು. ಅವಳ ಕಾಲೇಜು ಫೀ, ಹಾಸ್ಟೆಲ್ ಬಾಡಿಗೆ ಎಲ್ಲವೂ ಆ ಕಬ್ಬಿನ ಬಿಲ್ಲಿನಿಂದಲೇ ಬರಬೇಕು.

ಕಾಲೇಜಿನಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನಿನ ಅಣಕು ನ್ಯಾಯಾಲಯ ಸ್ಪರ್ಧೆಗೆ ತಂಡ ಆರಿಸುತ್ತಿದ್ದರಂತೆ. ಮೂಟ್ ಕೋರ್ಟ್ ಎಂದರೆ ಕರಿ ಕೋಟು ಹಾಕಿಕೊಂಡು ಕೊಲೆ ಕೇಸು ವಾದಿಸುವುದು ಎಂದಷ್ಟೇ ನಾನು ತಿಳಿದಿದ್ದೆ. ಇದರ ಲೋಕವೇ ಬೇರೆ. ಇಲ್ಲಿ ಕಕ್ಷಿದಾರರು ದೇಶಗಳು, ಅವೂ ಕಾಲ್ಪನಿಕ. ತೀರ್ಪು ಕೊಡುವವರು ವಿಶ್ವ ವಾಣಿಜ್ಯ ಸಂಸ್ಥೆಯ ಮಾದರಿಯ ಪ್ಯಾನೆಲ್. ಇಂಥ ಸ್ಪರ್ಧೆಗಳಲ್ಲಿ ದೊಡ್ಡ ಹೆಸರು ಜಾನ್ ಎಚ್. ಜಾಕ್ಸನ್ ಮೂಟ್. ಯುರೋಪಿನ ಕಾನೂನು ವಿದ್ಯಾರ್ಥಿಗಳ ಸಂಘಟನೆಯಾದ ಎಲ್ಸಾ 2002ರಲ್ಲಿ ಇದನ್ನು ಶುರುಮಾಡಿತು. ವಿಶ್ವ ವಾಣಿಜ್ಯ ಸಂಸ್ಥೆಯ ಬೆಂಬಲವೂ ಇದೆ. ಬೇರೆ ಬೇರೆ ಖಂಡಗಳ ಪ್ರಾದೇಶಿಕ ಸುತ್ತುಗಳಲ್ಲಿ ಗೆದ್ದವರು ಜಿನೀವಾದ ಅಂತಿಮ ಸುತ್ತಿಗೆ ಹೋಗುತ್ತಾರೆ. ಜಾಕ್ಸನ್ ಎಂಬ ಅಮೆರಿಕದ ಪ್ರಾಧ್ಯಾಪಕರು ಈ ಕಾನೂನು ಶಾಖೆಯ ಪಿತಾಮಹರಂತೆ. 2015ರಲ್ಲಿ ತೀರಿಕೊಂಡ ಮೇಲೆ ಸ್ಪರ್ಧೆಗೆ ಅವರ ಹೆಸರಿಟ್ಟರು. ನಮ್ಮ ದೇಶದಲ್ಲಿಯೂ ಗಾಂಧಿನಗರದ ಗುಜರಾತ್ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ವ್ಯಾಪಾರ ಕಾನೂನಿನದೇ ಅಂತಾರಾಷ್ಟ್ರೀಯ ಮೂಟ್ ನಡೆಸುತ್ತದೆ.

ಕಾಲೇಜಿನ ಆಯ್ಕೆ ಸುತ್ತಿಗೆ ಸೀನಿಯರ್‌ಗಳು ಕಟ್ಟಿದ್ದ ಕಥೆಯಲ್ಲಿ ದೇಶಗಳ ಹೆಸರು ಸುಳ್ಳು, ತಿರುಳು ನಿಜ. ಭಾರತದ ಕಬ್ಬು ಮತ್ತು ಸಕ್ಕರೆ ನೀತಿಯ ವಿರುದ್ಧ ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ 2019ರಲ್ಲಿ ಜಿನೀವಾದಲ್ಲಿ ಹೂಡಿದ ವ್ಯಾಜ್ಯವೇ ಅದಕ್ಕೆ ಆಧಾರ. ಚೀಟಿ ಎತ್ತಿದಾಗ ಇವಳಿಗೆ ಬಂದದ್ದು ದೂರುದಾರ ದೇಶದ ಪಾಳಿ. ರೈತರಿಗೆ ಸರ್ಕಾರ ನಿಗದಿ ಮಾಡುವ ಬೆಲೆ ನಿಯಮಬಾಹಿರ ಎಂದು ಸಾಧಿಸಬೇಕು.

"ಬರೇ ಸ್ಪರ್ಧೆ ಅಲ್ಲೇನವಾ, ಬಿಡು" ಅಂದೆ. "ಬರೇ ಸ್ಪರ್ಧೆ ಅಂತ ಮಾತಾಡಿದ್ರ ಪ್ಯಾನೆಲ್‌ನವ್ರಿಗೆ ಗೊತ್ತಾಕ್ಕೈತಿ ಮಾಮಾ" ಅಂದಳು.

ಮುಂದಿನ ಎರಡು ಭಾನುವಾರ ನಾನೇ ಪ್ಯಾನೆಲ್. ಅವಳು ಬರೆದುಕೊಟ್ಟ ಪ್ರಶ್ನೆಗಳನ್ನು ಮಧ್ಯೆ ಬಾಯಿ ಹಾಕಿ ಕೇಳುವುದು, ಮೊಬೈಲಿನಲ್ಲಿ ಸಮಯ ನೋಡುವುದು ನನ್ನ ಕೆಲಸ. ಎಂಟೆಕ್ ಓದಿ ಹಿಂಜೆವಾಡಿಯಲ್ಲಿ ಕೋಡ್ ಬರೆಯುವ ನನಗೆ ಕಾನೂನಿನ ಗಂಧ ಇಲ್ಲ. ಆದರೆ ಕೃಷಿ ಒಪ್ಪಂದದ ಲೆಕ್ಕ ನೋಡಿದಾಗ ಕಿವಿ ನೆಟ್ಟಗಾದವು. ಸರ್ಕಾರ ಘೋಷಿಸಿದ ಬೆಲೆಯಿಂದ ಒಂದು ನಿಶ್ಚಿತ ಉಲ್ಲೇಖ ಬೆಲೆ ಕಳೆಯಬೇಕು. ಉಳಿದದ್ದನ್ನು ಆ ಬೆಲೆಗೆ ಅರ್ಹವಾದ ಬೆಳೆಯ ಪ್ರಮಾಣದಿಂದ ಗುಣಿಸಬೇಕು. ಬರುವ ಮೊತ್ತ ಆ ಬೆಳೆಯ ಒಟ್ಟು ಮೌಲ್ಯದ 10% ಮೀರಿದರೆ, ಭಾರತದಂಥ ದೇಶ ತಪ್ಪಿತಸ್ಥ. ಆ ಉಲ್ಲೇಖ ಬೆಲೆ ಯಾವ ಕಾಲದ್ದು ಗೊತ್ತೇ? 1986ರಿಂದ 88ರದ್ದು! ಕಬ್ಬಿನ ಎಫ್‌ಆರ್‌ಪಿ 2014-15ರಲ್ಲಿ ಕ್ವಿಂಟಲಿಗೆ 220 ರೂಪಾಯಿ ಇತ್ತು, 2018-19ರಲ್ಲಿ 275 ಆಯಿತು. ಗೊಬ್ಬರ, ಡೀಸೆಲ್, ಕಟಾವಿನ ಕೂಲಿ ಎಲ್ಲವೂ ಏರಿದವು. ಸೂತ್ರದಲ್ಲಿ ಮಾತ್ರ ಆ ಹಳೆಯ ಬೆಲೆ ಹಾಗೇ ಕೂತಿದೆ. ಯಾರೋ ಎಂದೋ ಕೋಡಿನೊಳಗೆ ನೇರವಾಗಿ ಬರೆದಿಟ್ಟ ಸಂಖ್ಯೆಯನ್ನು ಮುಟ್ಟಲು ಎಲ್ಲರೂ ಹೆದರುವುದನ್ನು ಆಫೀಸಿನಲ್ಲಿ ದಿನಾ ನೋಡುತ್ತೇನೆ. ಇಲ್ಲಿ ಅದನ್ನು ಬದಲಿಸಲು ನೂರಾರು ದೇಶಗಳು ಒಪ್ಪಬೇಕು.

"ಹಂಗಾದ್ರ ನೀ ಗೆದ್ದಂಗನ" ಅಂದೆ. ಅವಳು ತಲೆ ಅಲ್ಲಾಡಿಸಿದಳು. ಭಾರತದ ವಾದ ಬೇರೆಯೇ ಇತ್ತಂತೆ. ಕಬ್ಬು ಕೊಳ್ಳುವುದೂ ಹಣ ಕೊಡುವುದೂ ಸಕ್ಕರೆ ಕಾರ್ಖಾನೆ. ಸರ್ಕಾರದ ಬೊಕ್ಕಸದಿಂದ ಪೈಸೆ ಹೋಗದಿದ್ದಾಗ ಅದು ಸರ್ಕಾರದ ಬೆಂಬಲ ಹೇಗಾಗುತ್ತದೆ? ಪ್ಯಾನೆಲ್ ಒಪ್ಪಲಿಲ್ಲ. ಬೆಲೆ ಕಟ್ಟಿದ್ದು ಸರ್ಕಾರ, ಅಷ್ಟು ಸಾಕು, ಕೊಂಡವರು ಯಾರೆಂಬುದು ಬೇಕಿಲ್ಲ ಎಂದಿತು. 2014-15ರಿಂದ ಸತತ ಐದು ಹಂಗಾಮು ಭಾರತ ಮಿತಿ ಮೀರಿದೆ ಎಂದು 2021ರ ಡಿಸೆಂಬರ್‌ನಲ್ಲಿ ವರದಿ ಬಂತು. ಸಕ್ಕರೆ ರಫ್ತಿಗೆ ಕೊಟ್ಟ ಸಹಾಯಧನವೂ ತಪ್ಪೆಂದಿತು.

ಎರಡನೇ ಭಾನುವಾರ ಭಾವನ ಫೋನ್ ಬಂತು. ಸ್ಪೀಕರ್ ಹಾಕಿ, ಅಂಜುತ್ತಲೇ ಎಲ್ಲ ಹೇಳಿದಳು. ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಆ ಗ್ವಾಟೆಮಾಲಾದಾಗೂ ಕಬ್ಬು ಹಚ್ಚತಾರೇನು?"

"ಹೂಂ ಅಪ್ಪಾ. ನಮ್ಮ ಸಕ್ಕರಿ ಸಸ್ತಾ ಹೊರಗ ಹೋದ್ರ ಅವರ ರೇಟು ಬೀಳತೈತಿ ಅಂತ ಅವರ ತಕರಾರು."

"ಹಂಗಾದ್ರ ಅವರ ಕಡಿಂದ ಚೊಲೋತಂಗ ಮಾತಾಡು. ಅರ್ಧಾಮರ್ಧಾ ಮಾತಾಡಬ್ಯಾಡ." ಆಮೇಲೆ ಒಂದು ಪ್ರಶ್ನೆ ಸೇರಿಸಿದರು. "ಆದ್ರ ಒಂದು ಕೇಳು. ಸರ್ಕಾರ ರೇಟ್ ಹೇಳತೈತಿ, ಫ್ಯಾಕ್ಟರಿಯವ್ರು ಬಿಲ್ ಬಾಕಿ ಇಡತಾರ. ಬರಲಾರದ ರೊಕ್ಕಾನೂ ನನಗ ಕೊಟ್ಟಂಗ ಅಂತ ಹಿಡಿತಾರೇನು?"

ಅವಳು ನನ್ನ ಮುಖ ನೋಡಿದಳು. ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ತಿಂಗಳುಗಟ್ಟಲೆ ಕಾಯುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಸೂತ್ರಕ್ಕೆ ಅದು ಗೊತ್ತಿಲ್ಲ. ಅರ್ಹವಾದ ಬೆಳೆಯ ಪ್ರಮಾಣ ನೋಡಬೇಕೇ ಹೊರತು ನಿಜಕ್ಕೂ ಕೊಂಡದ್ದನ್ನಲ್ಲ ಎಂದು ದಕ್ಷಿಣ ಕೊರಿಯಾದ ದನದ ಮಾಂಸದ ಪ್ರಕರಣದಲ್ಲಿ, 2000ದಲ್ಲೇ, ಮೇಲ್ಮನವಿ ಮಂಡಳಿ ಹೇಳಿಬಿಟ್ಟಿದೆ. ಇವಳ ವಾದಕ್ಕೆ ಬೆನ್ನೆಲುಬಾಗಿದ್ದ ತೀರ್ಪೂ ಅದೇ. ಬಾಕಿ ಉಳಿದ ಬಿಲ್ಲೂ ರೈತನಿಗೆ ಸಿಕ್ಕ ಬೆಂಬಲವೆಂದೇ ಲೆಕ್ಕಕ್ಕೆ ಬರುತ್ತದೆ.

"ಹೂಂ ಅಪ್ಪಾ, ಹಿಡಿತಾರ" ಅಂದಳು, ಸಣ್ಣ ದನಿಯಲ್ಲಿ.

ಆಯ್ಕೆ ಸುತ್ತಿನ ದಿನ ಅವಳನ್ನು ಬೈಕಿನಲ್ಲಿ ಬಿಟ್ಟುಬಂದೆ. ಶಿವಾಜಿನಗರದಲ್ಲಿ ಮಹಾರಾಷ್ಟ್ರದ ಸಕ್ಕರೆ ಆಯುಕ್ತರ ಕಚೇರಿ ಸಾಖರ್ ಸಂಕುಲದ ಮುಂದೆ ಹಾಯುವಾಗ ಹಿಂದಿನಿಂದ ಅವಳ ಗೊಣಗಾಟ ಕೇಳುತ್ತಿತ್ತು, ವಾದ ಬಾಯಿಪಾಠ ಮಾಡುತ್ತಿದ್ದಳು. ಸಂಜೆ ಫೋನ್ ಮಾಡಿದಳು. ತಂಡಕ್ಕೆ ಸೇರಿದ್ದಾಳೆ, ಆದರೆ ವಾದಿಸುವವಳಾಗಿ ಅಲ್ಲ, ಸಂಶೋಧಕಿಯಾಗಿ. ಮಧ್ಯದಲ್ಲಿ ಒಬ್ಬ ಪ್ಯಾನೆಲ್ ಸದಸ್ಯರು, ಘೋಷಿಸಿದ ಬೆಲೆ ರೈತನಿಗೆ ತಲುಪದಿದ್ದರೆ ಏನು ಹೇಳುತ್ತೀರಿ ಎಂದು ಕೇಳಿದರಂತೆ. ಕೊರಿಯಾದ ತೀರ್ಪು ನಾಲಿಗೆ ಮೇಲಿದ್ದರೂ ಕೆಲವು ಕ್ಷಣ ಮಾತು ಹೊರಡಲಿಲ್ಲವಂತೆ.

ಸೋತೆ ಎಂಬ ಬೇಸರ ಅವಳ ದನಿಯಲ್ಲಿರಲಿಲ್ಲ. ಮುಂದಿನ ಸ್ಪರ್ಧೆಗೆ ಎರಡೂ ಪಾಳಿಯ ಲಿಖಿತ ವಾದ ಬರೆಯಬೇಕು. ಪ್ರತಿವಾದಿ ದೇಶದ ಭಾಗ ತನಗೇ ಬೇಕೆಂದು ಕೇಳಿ ತೆಗೆದುಕೊಂಡಿದ್ದಾಳೆ. ಎದುರಾಳಿಯ ವಾದ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬುದು ಈಗ ಅವಳಿಗೆ ಒಳಗಿನಿಂದ ಗೊತ್ತು. ಸುಮ್ಮನೆ ಅಪ್ಪನ ಪರ ನಿಂತಿದ್ದರೆ ಇದು ತಿಳಿಯುತ್ತಿರಲಿಲ್ಲ.

ನಿಜವಾದ ವ್ಯಾಜ್ಯ ಇನ್ನೂ ನೇತಾಡುತ್ತಿದೆ. 2021ರ ಡಿಸೆಂಬರ್‌ನಲ್ಲೇ ಭಾರತ ಮೇಲ್ಮನವಿ ಹಾಕಿತು. ಆದರೆ ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಿ ಮಾಡಿದ್ದರಿಂದ 2019ರ ಡಿಸೆಂಬರ್‌ನಿಂದಲೇ ಮೇಲ್ಮನವಿ ಮಂಡಳಿ ಕೆಲಸ ಮಾಡುತ್ತಿಲ್ಲ. ಇದನ್ನು ಕೇಳಿ ಭಾವ ನಕ್ಕರು. "ಅಲ್ಲೂ ಬಾಕಿನ ಐತಿ ಅನ್ನು" ಅಂದರು.