ಬಂಡೆಗೆ ವಿಭೂತಿ ಬಳಿಯುವ ನೀರು

'ಸೊಕ್ಕಿದ್ದವ ಯಾಣಕ್ಕೆ ಹೋಗುತ್ತಾನೆ, ರೊಕ್ಕ ಇದ್ದವ ಗೋಕರ್ಣಕ್ಕೆ ಹೋಗುತ್ತಾನೆ' ಎಂಬುದು ಉತ್ತರ ಕನ್ನಡದ ಹಳೆಯ ಗಾದೆ. ಕುಮಟಾ ತಾಲೂಕಿನ ಯಾಣಕ್ಕೆ ಹೋಗಲು ಹಿಂದೆ ದಟ್ಟ ಕಾಡಿನಲ್ಲಿ ಮೈಲುಗಟ್ಟಲೆ ನಡೆಯಬೇಕಿತ್ತು. ಮೈಯಲ್ಲಿ ಕಸುವಿಲ್ಲದವರಿಗೆ ಅದು ಆಗದ ಮಾತು. ಈಗ ಬೆಟ್ಟದ ಬುಡದವರೆಗೆ ರಸ್ತೆಯಿದೆ. ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಪಕ್ಕದ ಅಂಕೋಲಾ ತಾಲೂಕಿನ ಮಾಬಗಿ ಹಳ್ಳಿಯ ಬಳಿ ವಿಭೂತಿ ಜಲಪಾತವಿದೆ. ವಾಹನ ನಿಲ್ಲಿಸಿ ಕಾಡುದಾರಿಯಲ್ಲಿ ಒಂದು ಕಿಲೋಮೀಟರಿನಷ್ಟು ನಡೆದರೆ ಸಾಕು, ನೀರಿನ ಸದ್ದು ಕಿವಿಗೆ ಬೀಳುತ್ತದೆ.

ಜೋಗದ 830 ಅಡಿಗಳ ಮುಂದೆ ಇದರ ಎತ್ತರ ಏನೂ ಅಲ್ಲ. 30 ಅಡಿಯ ಆಸುಪಾಸು. ಆದರೆ ವಿಜ್ಞಾನ ಓದುವ ಮಕ್ಕಳಿಗೆ ಇಲ್ಲೊಂದು ದೊಡ್ಡ ಪಾಠವಿದೆ. ಅದು ಹೆಸರಿನಲ್ಲೇ ಅಡಗಿದೆ.

ಮೋಹಿನಿಯ ಮಾತಿಗೆ ಮರುಳಾದ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಸುಟ್ಟು ಬೂದಿಯಾದದ್ದು ಯಾಣದಲ್ಲಿ ಎಂಬುದು ಸ್ಥಳಪುರಾಣ. ಅಲ್ಲಿನ ಕಪ್ಪು ಮಣ್ಣೇ ಆ ಬೂದಿ ಎನ್ನುತ್ತಾರೆ ಭಕ್ತರು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಎರಡೂ ಸುಣ್ಣದ ಕಲ್ಲಿನವು. ಜಲಪಾತದ ಬಂಡೆಗಳಿಗೂ ವಿಭೂತಿ ಬಳಿದಂಥ ಬಣ್ಣ ಬಂದದ್ದು ಇದೇ ಸುಣ್ಣದಿಂದ.

ಕಲ್ಲಿನಲ್ಲಿದ್ದ ಸುಣ್ಣ ನೀರಿಗೆ ಬಂದದ್ದು ಹೇಗೆ? ಹೈಸ್ಕೂಲಿನ ಪ್ರಯೋಗವೊಂದನ್ನು ನೆನಪಿಸಿಕೊಳ್ಳಿ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ. ಊದುವುದನ್ನು ಬಿಡದೆ ಮುಂದುವರಿಸಿದರೆ ನೀರು ಮತ್ತೆ ತಿಳಿಯಾಗುತ್ತದೆ. ಬಿಳಿಪುಡಿ ಬೈಕಾರ್ಬೊನೇಟ್ ಆಗಿ ಕರಗಿಹೋಗಿರುತ್ತದೆ. ಅದೇ ನೀರನ್ನು ಕಾಯಿಸಿದರೆ ಅನಿಲ ಹೊರಟುಹೋಗಿ ಬಿಳಿಪುಡಿ ಮರಳಿ ಕಾಣಿಸಿಕೊಳ್ಳುತ್ತದೆ. ಗಡಸು ನೀರಿರುವ ಊರುಗಳಲ್ಲಿ ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಪದರವೂ ಇದೇ.

ಸಹ್ಯಾದ್ರಿಯ ಬುಡದಲ್ಲಿ ಕಾಡೇ ಊದುವ ಕೆಲಸ ಮಾಡುತ್ತದೆ. ಬೇರುಗಳ ಉಸಿರಾಟದಿಂದ, ಕೊಳೆಯುವ ತರಗೆಲೆಗಳಿಂದ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಇಂಗುವ ಮಳೆನೀರು ಅದನ್ನು ಹೀರಿ ತುಸು ಆಮ್ಲೀಯವಾಗಿ ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಧುಮುಕುವಾಗ ನೀರು ಹನಿಹನಿಯಾಗಿ ಒಡೆದು ಅನಿಲ ಗಾಳಿಗೆ ಸೇರುತ್ತದೆ. ಆಗ ಸುಣ್ಣ ಬಂಡೆಯ ಮೇಲೆ, ಪಾಚಿಯ ಮೇಲೆ ತೆಳುವಾಗಿ ಕೂರುತ್ತದೆ. ಸಾಮಾನ್ಯವಾಗಿ ಜಲಪಾತಗಳು ಬಂಡೆಯನ್ನು ಸವೆಸಿದರೆ, ಸುಣ್ಣ ಹೊತ್ತ ನೀರು ಬಂಡೆಯನ್ನು ಕಟ್ಟುತ್ತಲೂ ಇರುತ್ತದೆ. ಕಾಡು ಹೋದರೆ ಈ ಕಟ್ಟಡದ ಕೆಲಸವೂ ಸೊರಗುತ್ತದೆ.

ಇಂಥ ಪದರ ಬೆಳೆಯಲು ವರ್ಷಗಳು ಬೇಕು. ಮುರಿಯಲು ಒಂದು ಕಾಲ್ತುಳಿತ ಸಾಕು. ದಾರಿ ಕಠಿಣವಾಗಿದ್ದಾಗ ಆ ಕಷ್ಟವೇ ಇಂಥ ಜಾಗಗಳನ್ನು ಕಾಯುತ್ತಿತ್ತು. ಈಗ ಕಾಯಬೇಕಾದವರು ಹೋಗುವವರೇ. ಸೋಪು, ಶಾಂಪೂ ಹಚ್ಚಿ ಸ್ನಾನ ಮಾಡುವುದು, ಬಂಡೆಯ ಅಂಚು ಹತ್ತುವುದು, ಪ್ಲಾಸ್ಟಿಕ್ ಬಿಸಾಡುವುದು ಬೇಡ.

ಪಾಲಕರು ಇನ್ನೊಂದು ಮಾತನ್ನು ಮರೆಯಬಾರದು. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಕೆಳಗೆ ಬಿಸಿಲಿದ್ದಾಗಲೂ ಘಟ್ಟದ ಮೇಲೆ ಮಳೆ ಸುರಿಯುತ್ತಿರಬಹುದು. ಆಗ ಮೊಣಕಾಲುದ್ದದ ಹಳ್ಳ ನೋಡನೋಡುತ್ತಲೇ ಎದೆಮಟ್ಟಕ್ಕೆ ಏರಬಹುದು. ತಿಳಿಯಾಗಿದ್ದ ನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಹೆಚ್ಚಿದರೆ ತಕ್ಷಣ ದಡ ಹತ್ತಿ ದೂರ ಸರಿಯಬೇಕು. ಮಳೆಗಾಲದಲ್ಲಿ ನೀರಿಗಿಳಿಯಲೇಬಾರದು. ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಹೋದರೆ ನೀರೂ ಇರುತ್ತದೆ, ಭಯವೂ ಕಡಿಮೆ. ಆಗಲೂ ಪಾಚಿಗಟ್ಟಿದ ಕಲ್ಲು ಜಾರುತ್ತದೆ, ಧುಮುಕುವ ನೀರಿನಡಿಯ ಗುಂಡಿಯ ಆಳ ಕಣ್ಣಿಗೆ ತಿಳಿಯುವುದಿಲ್ಲ.

ಹಿಂದೆ ಯಾಣದ ದಾರಿ ಹಿಡಿಯಲು ಸೊಕ್ಕು ಬೇಕಿತ್ತು. ಈಗ ಹೋಗುವವರು ಅದನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಕ್ಷೇಮ.