ಹಂಪಿಯ ‘ಮೂರ್’ಗಳು ಯಾರು?

ವಿಜಯನಗರದಲ್ಲಿ ‘ಮೂರ್’ಗಳ ಕೇರಿ ಇತ್ತಂತೆ.
ಯಾರವರು?

ಹನುಮನಹಳ್ಳಿಯಿಂದ ತುಂಗಭದ್ರೆ ದಾಟಿದರೆ ಹಂಪಿ, ಅಂದಿನ ವಿಜಯನಗರ.
ಸುಮಾರು 1520ರಲ್ಲಿ ಅಲ್ಲಿಗೆ ಬಂದವನು
ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್.
ಊರ ಮುಸ್ಲಿಮರನ್ನು ಆತ ಹಾಗೆ ಕರೆದ.

ಮೂರ್ ಎಂದರೆ ಮೂಲತಃ ವಾಯವ್ಯ ಆಫ್ರಿಕಾದವರು.
ಹಂಪಿಗೆ ಬಂದವರನ್ನೆಲ್ಲ
‘ಗಂಗಾವತಿಯವರು’ ಅಂದಂಗಾಯ್ತು ನೋಡ್ರಿ!

1900ರಲ್ಲಿ ರಾಬರ್ಟ್ ಸೆವೆಲ್
ಪಾಯಸ್‌ನ ಬರಹವನ್ನು ಇಂಗ್ಲಿಷಿಗೆ ತಂದಾಗಲೂ ಆ ಪದ ಉಳಿಯಿತು.
ತನ್ನ ಮಾತಿನಲ್ಲಿ ಆತ ಬಳಸಿದ್ದು ‘ಮಹಮ್ಮದನ್’.
ಅದೂ ಹೊಂದುವುದಿಲ್ಲ.
ಮುಸ್ಲಿಮರು ಆರಾಧಿಸುವುದು ಅಲ್ಲಾಹನನ್ನು,
ಪ್ರವಾದಿ ಮಹಮ್ಮದರನ್ನಲ್ಲ.

ಈಗ ಹಂಪಿಯ ಕಲ್ಲನ್ನೇ ಕೇಳೋಣ.
1439ರಲ್ಲಿ ಮಸೀದಿ ಕಟ್ಟಿಸಿದವನು
ಅರಸ ಎರಡನೇ ದೇವರಾಯನ ಅಧಿಕಾರಿ ಅಹಮದ್ ಖಾನ್.
ಕನ್ನಡ ಶಾಸನದಲ್ಲಿ ಆ ಮಸೀದಿ ‘ಧರ್ಮಸಾಲೆ’.
ಕಟ್ಟಿಸಿದ್ದು, ದೇವರಾಯನಿಗೆ ಪುಣ್ಯವಾಗಲೆಂದು.